ಮುಯ್ಯಾಳಿನ ಓದು

ಬಿಂದುಶ್ರೀ ಕೊರಟಗೆರೆಯಿಂದ ವಾಪಸ್ ಬಂದಾಗ ಅವಳ ಮನೆಯ ಜಗಲಿಯ ಮೇಲೆ ಕೇಸರಿಬಾತ್ ಹಂಚುತ್ತಿದ್ದರು. ಚಿಕ್ಕಮ್ಮನ ಮಗಳ ಸೀಮಂತಕ್ಕೆ ಹೋದವಳು ಮಧುಗಿರಿಯಲ್ಲಿ ಒಂದು ಬಸ್ಸು, ಶಿರಾದಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ, ಬರಗೂರಿನವರೆಗೂ ನಿಂತೇ ಬಂದಿದ್ದಳು. ಸೊಂಟ ಬಿದ್ದುಹೋಗಿತ್ತು. ಮನೆ ಮುಂದೆ ಅಷ್ಟೊಂದು ಚಪ್ಪಲಿ ಕಂಡವು. ಅಜ್ಜಿಗೇನಾದರೂ ಆಗಿಹೋಯಿತೇ ಎಂದು ಓಡಿಬಂದರೆ, ಅಜ್ಜಿ ಅಶ್ವತ್ಥಮ್ಮ ಎಲ್ಲರ ನಡುವೆ ಕಾಲು ಚಾಚಿ ಕೂತು ಬೊಚ್ಚುಬಾಯಿ ತುಂಬ ಕೇಸರಿಬಾತ್ ತುಂಬಿಕೊಂಡು ನಗುತ್ತಿದ್ದಳು.

"ಬಂದ್ಯಾ ಮಗಾ? ಬಾ, ಬಾಯಿ ಸಿಹಿ ಮಾಡ್ಕೊ. ಎಲ್ಲಾ ಮುಗಿಸ್ಬುಟ್ವಿ."

"ಏನಜ್ಜಿ ಮುಗಿಸಿದ್ದು?"

"ನಿನ್ ಓದು ಕಣವ್ವಾ!"

ಬಿಂದುಗೆ ಅರ್ಥವಾಗಲಿಲ್ಲ. ಅರ್ಥವಾಗುವಂಥ ಮಾತಾದರೂ ಆಗಿತ್ತೇ ಅದು? ಉಣ್ಣುವುದು, ನಿದ್ದೆ ಮಾಡುವುದು, ಓದುವುದು ಇವನ್ನೆಲ್ಲ ಇನ್ನೊಬ್ಬರು ಮುಗಿಸಿಕೊಟ್ಟರೆಂದು ಯಾರಾದರೂ ಹೇಳಿದ್ದುಂಟೇ? ಅಷ್ಟರಲ್ಲಿ ಅವಳ ಅಣ್ಣ ರಂಗೇಶ್, ಶಿರಾ ಮಂಡಿಗೆ ಗೂಡ್ಸ್ ಆಟೊ ಓಡಿಸುವವನು, ಒಳಗಿಂದ ಟ್ಯಾಬ್ ತಂದು ಅವಳ ಮುಖಕ್ಕೆ ಹಿಡಿದ. ಪರದೆಯ ಮೇಲೆ ಎಲ್ಲ ಪಾಠಗಳ ಮುಂದೆಯೂ ಹಸಿರು ಗುರುತು. ಅದರ ಮೇಲೆ ಬಣ್ಣಬಣ್ಣದ ಚೂರುಗಳು ಉದುರುತ್ತಿದ್ದವು. ಅಭಿನಂದನೆಗಳು ಬಿಂದುಶ್ರೀ, ನೀವು ಕೋರ್ಸ್ ಪೂರೈಸಿದ್ದೀರಿ, ಮುಂದಿನ ಸೋಮವಾರ ಶಿರಾ ಕೇಂದ್ರದಲ್ಲಿ ನಿಮ್ಮ ಅಂತಿಮ ಪರೀಕ್ಷೆ.

ಅವಳ ಕೈಯಲ್ಲಿದ್ದ ಬ್ಯಾಗು ಕೆಳಗೆ ಬಿತ್ತು. ಚಿಕ್ಕಮ್ಮ ಕಟ್ಟಿಕೊಟ್ಟ ಚಕ್ಕುಲಿಯೆಲ್ಲ ಪುಡಿಯಾಯಿತು.

ಅವಳು ಆ ಟ್ಯಾಬನ್ನು ಹೇಗೆ ನೋಡಿಕೊಂಡಿದ್ದಳೆಂದು ಹೇಳದಿದ್ದರೆ ಈ ಸಂಕಟ ಯಾರಿಗೂ ತಿಳಿಯುವುದಿಲ್ಲ. ಅಮ್ಮ ತೀರಿಕೊಂಡ ವರ್ಷವೇ ಬಿಂದು ಪಿಯುಸಿಯಲ್ಲಿ ಫೇಲಾದಳು. ಆಮೇಲೆ ಮನೆ, ಹಸು, ಅಜ್ಜಿ, ಮೂರೂ ಅವಳ ತಲೆಗೇ ಬಂದವು. ಹಾಗೆ ಓದು ನಿಂತುಹೋದ ಹುಡುಗಿಯರಿಗೆಂದು ತುಮಕೂರಿನ ಒಂದು ಸಂಸ್ಥೆ ಲ್ಯಾಬ್ ಟೆಕ್ನಿಷಿಯನ್ ತರಬೇತಿ ಕೊಡುತ್ತಿತ್ತು. ಮೊದಲು ಅವರೇ ಕೊಟ್ಟ ಟ್ಯಾಬಿನಲ್ಲಿ ಆನ್‌ಲೈನ್ ಕೋರ್ಸ್ ಮುಗಿಸಬೇಕು, ಆಮೇಲೆ ಶಿರಾದಲ್ಲಿ ಕೂತು ಪರೀಕ್ಷೆ ಬರೆಯಬೇಕು. ಪಾಸಾದರೆ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿ, ಅದು ಮುಗಿದರೆ ಕೆಲಸ. ಪರೀಕ್ಷೆಗೆ ಒಂದೇ ಅವಕಾಶ. ಫೇಲಾದವರನ್ನು ಮತ್ತೆ ಹತ್ತಿರ ಸೇರಿಸುವುದಿಲ್ಲ.

ಆ ಕೋರ್ಸಿನಲ್ಲಿ ಮೇಷ್ಟ್ರಿರಲಿಲ್ಲ. ಈ ವಾರ ಏನು ಕಲಿಯುತ್ತೀಯೆಂದು ನೀನೇ ಗುರಿ ಬರೆದುಕೊಳ್ಳಬೇಕು. ಪಾಠ ನೋಡಿದ ಮೇಲೆ ಅರ್ಥವಾಯಿತೇ ಎಂದು ಅದು ಕೇಳುತ್ತದೆ. ಇಲ್ಲ ಎಂದು ಒತ್ತಿದರೆ ಬೈಯುವುದಿಲ್ಲ, ನಗುವುದಿಲ್ಲ. ಅದನ್ನೇ ಬೇರೆ ಥರ ಹೇಳಿಕೊಡುತ್ತದೆ, ಇನ್ನೂ ಸುಲಭದ ಲೆಕ್ಕ ಕೊಡುತ್ತದೆ. ಕಾಲೇಜಿನಲ್ಲಿ ಒಮ್ಮೆ ಎದ್ದುನಿಂತು ಅರ್ಥವಾಗಲಿಲ್ಲ ಸಾರ್ ಎಂದದ್ದಕ್ಕೆ, ಕೂತ್ಕೊಳಮ್ಮ ನಿನಗೆ ಜನ್ಮದಲ್ಲಿ ಅರ್ಥವಾಗಲ್ಲ ಅನ್ನಿಸಿಕೊಂಡಿದ್ದ ಹುಡುಗಿ ಅವಳು. ಇಲ್ಲ ಅಂದರೂ ಮರ್ಯಾದೆ ಕೊಡುವ ಜಾಗ ಅವಳಿಗೆ ಸಿಕ್ಕಿದ್ದು ಅದೊಂದೇ. ಹಾಗಾಗಿ ಅವಳು ಸುಳ್ಳು ಹೇಳದೆ ಓದಿದಳು. ಬರದಿದ್ದುದನ್ನು ಬರಲಿಲ್ಲ ಎಂದೇ ಒತ್ತಿದಳು. ಅರ್ಧ ಕೋರ್ಸು ಹೀಗೆ, ಪಾತ್ರೆ ತೊಳೆದ ಕೈ ಸೆರಗಿಗೆ ಒರೆಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ್ದಳು.

ಕೊನೆಗೆ ಸಿಕ್ಕಿಹಾಕಿಕೊಂಡದ್ದು ಅನುಪಾತದ ಪಾಠದಲ್ಲಿ. ಒಂದು ಪಾಲು ರಕ್ತದ ಸ್ಯಾಂಪಲ್ಲಿಗೆ ಒಂಬತ್ತು ಪಾಲು ದ್ರಾವಣ ಬೆರೆಸಿದರೆ ಅದು ಹತ್ತರಲ್ಲಿ ಒಂದು. ಒಂಬತ್ತು ಹಾಕಿದ ಮೇಲೆ ಹತ್ತು ಎಲ್ಲಿಂದ ಬಂತು? ವಾರವಿಡೀ ತಲೆ ಕೆರೆದುಕೊಂಡಳು. ಒಂದು ದಿನ ಮಜ್ಜಿಗೆ ಮಾಡುತ್ತ, ಒಂದು ಲೋಟ ಮೊಸರಿಗೆ ನೀರು ಬೆರೆಸುವಾಗ, ಮೊಸರೂ ಪಾತ್ರೆಯೊಳಗೇ ಇದೆಯಲ್ಲ, ಅದನ್ನೂ ಎಣಿಸಬೇಕಲ್ಲ ಎಂದು ಥಟ್ಟನೆ ಹೊಳೆಯಿತು. ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದಳು. ಆದರೆ ಅದೇ ಮಜ್ಜಿಗೆಯಿಂದ ತೆಗೆದು ಮತ್ತೆ ನೀರು ಬೆರೆಸುತ್ತ ಹೋದರೆ ಲೆಕ್ಕ ಹೇಗೆ ಎಂಬುದು ಇನ್ನೂ ಬಂದಿರಲಿಲ್ಲ. ಕೊರಟಗೆರೆಗೆ ಹೋಗುವ ಮುನ್ನ ಗುರಿಯ ಜಾಗದಲ್ಲಿ ಬರೆದಿದ್ದಳು: ಈ ವಾರ ಇದೊಂದೇ, ಬೇರೆ ಏನೂ ಬೇಡ.

ಈಗ ಆ ಜಾಗದಲ್ಲಿ ಬೇರೆ ಬರಹವಿತ್ತು. ಗುರಿ: ಎಲ್ಲಾ ಮುಗಿಸುವುದು. ನೀವು ಏನು ಕಲಿತಿರಿ, ಎಲ್ಲಿ ಕಷ್ಟವಾಯಿತು ಎಂದು ಕೇಳಿದ ಕಡೆಯಲ್ಲೆಲ್ಲ ಒಂದೇ ಉತ್ತರ: ತುಂಬಾ ಚೆನ್ನಾಗಿದೆ.

"ಯಾರ್ ಬರ್ದಿದ್ದು ಇದನ್ನ?" ಎಂದಳು ಬಿಂದು.

"ನಾನೇ," ಎಂದು ರಂಗೇಶ್ ಎದೆಯುಬ್ಬಿಸಿದ. "ಲೆಕ್ಕ ಎಲ್ಲಾ ಅನುಷಂದು. ಬಿ.ಎ. ಓದಿರೋ ಹುಡ್ಗಿ, ತಪ್ಪಾದ್ರೆ ಇನ್ನೊಂದ್ಸಲ ಒತ್ತಿ ಒತ್ತಿ ಸರಿ ಮಾಡಿದ್ಲು. ವಿಡಿಯೋ ಓಡ್ಸಿದ್ದು ಕದಿರಯ್ಯ ಮಾವ. ಎರಡು ದಿನ ಕೂತಿದೀವಿ ಕಣಮ್ಮ ಎಲ್ಲಾ ಸೇರ್ಕೊಂಡು, ಸುಮ್ನೆ ಅಲ್ಲ."

ಪಕ್ಕದ ಮನೆಯ ಕದಿರಯ್ಯ ಹಲ್ಲು ಕಿರಿದ. ಅವನ ಸೊಸೆ ಅನುಷಾ ಮಾತ್ರ ಬಿಂದುವಿನ ಮುಖ ನೋಡಿ ತಟ್ಟೆ ಕೆಳಗಿಟ್ಟಳು.

"ಅರ್ಥ ಆಯ್ತಾ ಅಂತ ಕೇಳ್ದಾಗ್ಲೆಲ್ಲಾ ಹೌದು ಅಂತ ಒತ್ತಿದ್ದು ನಾನು," ಎಂದು ಅಜ್ಜಿ ಹೆಬ್ಬೆರಳು ಎತ್ತಿ ತೋರಿಸಿದಳು. "ನಂಗೂ ಒಂಚೂರು ಕೆಲ್ಸ ಕೊಡ್ರಪ್ಪಾ ಅಂದೆ."

ಇದೆಲ್ಲ ಶುರುವಾದದ್ದು ಒಂದು ಮೆಸೇಜಿನಿಂದ. ಅಷ್ಟೊಂದು ತಾಳ್ಮೆಯಿದ್ದ ಆ ಕೋರ್ಸಿಗೆ ಒಂದು ಕೆಟ್ಟ ಚಾಳಿಯಿತ್ತು. ನಿನ್ನ ಪಾಡಿಗೆ ನೀನು ಕಲಿ ಎಂದು ಹುಡುಗಿಗೆ ಹೇಳುವುದು, ಅವಳ ಬೆನ್ನ ಹಿಂದೆ ಅಪ್ಪನಿಗೆ ಚಾಡಿ ಹೇಳುವುದು. ನಿಮ್ಮ ಮಗಳು ಈ ವಾರ ಗುರಿ ತಲುಪಿಲ್ಲ, ನಿಮ್ಮ ಮಗಳು ಹಿಂದುಳಿದಿದ್ದಾಳೆ ಎಂದು ಅವಳಪ್ಪ ಗಂಗಹನುಮಯ್ಯನ ಮೊಬೈಲಿಗೆ ಮೇಲಿಂದ ಮೇಲೆ ಮೆಸೇಜು. ಗಂಗಹನುಮಯ್ಯ ಮಾನಕ್ಕೆ ಅಂಜುವ ಮನುಷ್ಯ. ಸಾಲ ಕೊಟ್ಟ ಬ್ಯಾಂಕಿನವರು ನೋಟಿಸ್ ಕಳಿಸಿದ ಹಾಗೆ ಕಂಡಿತು ಅವನಿಗೆ. ಬುಕ್ಕಾಪಟ್ಟಣದ ಹುಡುಗಿಯೊಬ್ಬಳು ಮುಗಿಸಿಯೇಬಿಟ್ಟಳಂತೆ ಎಂಬ ಸುದ್ದಿಯೂ ಬಂತು. ಮಗಳು ಊರಲ್ಲಿಲ್ಲ, ಟ್ಯಾಬು ಮನೆಯಲ್ಲಿದೆ, ಪಾಸ್‌ವರ್ಡು ರಂಗೇಶನಿಗೆ ಗೊತ್ತು. ಕೆಲಸ ಹಿಂದೆ ಬಿದ್ದರೆ ಆ ಊರಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಮುಯ್ಯಾಳು ಕರೆದರು.

ಕಡಲೆಕಾಯಿ ಹೊಲದಲ್ಲಿ ಕಳೆ ಏರಿದರೆ ಅಕ್ಕಪಕ್ಕದವರು ಬಂದು ಒಂದೊಂದು ಸಾಲು ಹಿಡಿದು ಮುಗಿಸಿಕೊಡುತ್ತಾರೆ. ಕೂಲಿಯಿಲ್ಲ, ಊಟ ಮಾತ್ರ. ನಾಳೆ ಅವರ ಹೊಲಕ್ಕೆ ಇವರು ಹೋಗಿ ಮುಯ್ಯಿ ತೀರಿಸುತ್ತಾರೆ. ಎಷ್ಟೋ ತಲೆಮಾರಿನಿಂದ ಊರು ನಡೆದದ್ದೇ ಹಾಗೆ, ಅದರಲ್ಲಿ ತಪ್ಪು ಹುಡುಕುವ ಹಾಗೇ ಇಲ್ಲ. ಹೊಲ ನೋಡಿದ ಕಣ್ಣಿನಲ್ಲೇ ಮಗಳ ಓದನ್ನೂ ನೋಡಿದರು ಪುಣ್ಯಾತ್ಮರು, ಸಾಲು ಹಿಡಿದು ಮುಗಿಸಿಬಿಟ್ಟರು.

"ಅಪ್ಪಾ, ನೀನು ಹೇಳಿದ್ದಾ ಇವ್ರಿಗೆ?"

ಗಂಗಹನುಮಯ್ಯ ಕಂಬಕ್ಕೊರಗಿ ಕೂತಿದ್ದ. "ಹೂಂ ಕಣವ್ವಾ. ನೀನು ಒಬ್ಳೇ ಒದ್ದಾಡ್ತಿದ್ದೆ. ನೋಡಕ್ಕಾಗ್ಲಿಲ್ಲ."

"ನೋಡಕ್ಕಾಗ್ಲಿಲ್ವಾ?" ಬಿಂದುವಿನ ಮೈಯೆಲ್ಲ ಉರಿದುಹೋಯಿತು. "ನನ್ ತಲೆಗೆ ಹೋಗ್ಬೇಕಾದ್ದನ್ನ ಬೀದಿಯೋರ ಕೈಲಿ ಒತ್ತಿಸಿದ್ದೀರಲ್ಲಾ! ಸೋಮವಾರ ಪರೀಕ್ಷೇಲಿ ಕೂರೋದ್ಯಾರು? ಅಜ್ಜಿ ಹೆಬ್ಬೆಟ್ಟಾ?"

"ಯಾಕಿಂಗೆ ಕಿರುಚ್ತೀಯ?" ಎಂದ ರಂಗೇಶ್. "ಒಳ್ಳೇದ್ ಮಾಡಿದ್ದಕ್ಕೆ ಇದಾ? ಹೋಗಿ ಬರ್ದ್ಬುಟ್ ಬಾ. ನಾಲ್ಕರಲ್ಲಿ ಒಂದು ಆರಿಸೋದು ತಾನೆ, ಅದೃಷ್ಟ ಇದ್ರೆ ಪಾಸು."

"ಅದೃಷ್ಟ ನೋಡ್ಕೊಂಡು ನಿನ್ ರಕ್ತ ಟೆಸ್ಟ್ ಮಾಡ್ಲಾ? ಶುಗರ್ ಇಲ್ದೋರಿಗೆ ಇದೆ ಅಂತ ಬರೀಲಾ? ಹೇಳು!"

ಕದಿರಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿ, "ಕಾಲ ಕೆಟ್ಟೋಯ್ತು, ಉಪಕಾರ ಮಾಡಂಗಿಲ್ಲ," ಎಂದು ಗೊಣಗುತ್ತ ಎದ್ದುಹೋದ. ಅನುಷಾ ಹೋಗುವಾಗ ಬಿಂದುವಿನ ಕೈ ಮುಟ್ಟಿ, "ನಂಗೆ ಗೊತ್ತಾಗ್ಬೇಕಿತ್ತು ಬಿಂದು, ತಪ್ಪಾಯ್ತು," ಎಂದಳು. ಬಿಂದು ಕೈ ಕೊಸರಿಕೊಂಡಳು. ತಪ್ಪಾಯಿತು ಎಂಬ ಮಾತು ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ತುಮಕೂರಿನ ಅಶ್ವಿನಿ ಮೇಡಮ್ಮಿಗೆ ಫೋನ್ ಮಾಡಿದಳು. ಕೋರ್ಸಿನ ಹುಡುಗಿಯರನ್ನು ವಾರಕ್ಕೊಮ್ಮೆ ಮಾತಾಡಿಸಿ ವಿಚಾರಿಸುವುದು ಅಶ್ವಿನಿಯ ಕೆಲಸ. ಬಿಂದು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸಂಭ್ರಮ ಶುರುವಾಯಿತು.

"ಬಿಂದುಶ್ರೀ! ನಾನೇ ಮಾಡೋಣ ಅಂತಿದ್ದೆ. ಎಂಥಾ ಸ್ಪೀಡು ರೀ ನಿಮ್ಮದು! ಸ್ವಯಂ ಕಲಿಕೆ ಅಂದ್ರೆ ಹೀಗಿರಬೇಕು ಅಂತ ನಿನ್ನೆ ಮೀಟಿಂಗ್‌ನಲ್ಲಿ ನಿಮ್ಮ ಗ್ರಾಫನ್ನೇ ತೋರಿಸಿದ್ವಿ."

"ಅದು ನಂದಲ್ಲ ಮೇಡಂ."

"ಅಂದ್ರೆ?"

ಬಿಂದು ಎಲ್ಲ ಹೇಳಿದಳು. ಮುಯ್ಯಾಳು ಎಂದರೇನೆಂದೂ ಬಿಡಿಸಿ ಹೇಳಬೇಕಾಯಿತು.

"ನೋಡಿ," ಎಂದಳು ಅಶ್ವಿನಿ, ದನಿ ತಗ್ಗಿಸಿ. "ನಾನು ಇದನ್ನ ಕೇಳಿಸ್ಕೊಂಡಿಲ್ಲ ಅನ್ಕೊಳ್ತೀನಿ. ನೀವು ಪರೀಕ್ಷೆಗೆ ಬಂದುಬಿಡಿ. ಸುಮಾರು ಜನ ಹಾಗೇ ಬರ್ತಾರೆ, ಹಾಗೇ ಪಾಸೂ ಆಗ್ತಾರೆ."

"ಫೇಲಾದ್ರೆ?"

"ಅದು ಆಮೇಲಿನ ಮಾತು."

"ಆಮೇಲಿನ ಮಾತು ನನ್ ಜೀವನ ಮೇಡಂ! ಮತ್ತೆ ಸೇರಿಸ್ಕೊಳ್ಳಲ್ಲ ಅಂತ ನೀವೇ ಹೇಳಿದ್ರಿ. ನಾನು ಎಲ್ಲಿ ನಿಲ್ಸಿದ್ನೋ ಅಲ್ಲಿಗೇ ನನ್ನ ವಾಪಸ್ ಬಿಡಿ."

"ಬಿಡಬಹುದು. ಆದ್ರೆ ಈ ಬ್ಯಾಚ್ ಕೈತಪ್ಪುತ್ತೆ. ಯುಗಾದಿ ಕಳೆದ ಮೇಲೆ ಇನ್ನೊಂದು ಬ್ಯಾಚು, ಅದಕ್ಕೂ ಸೀಟು ಗ್ಯಾರಂಟಿ ಇಲ್ಲ. ಬೇರೆಯವರಿಂದ ಮಾಡ್ಸಿದ್ದಾರೆ ಅಂತ ನಿಮ್ಮ ಹೆಸರ ಮುಂದೆ ಬರೆದೂ ಇಡ್ತಾರೆ. ಯೋಚನೆ ಮಾಡಿ."

ಯೋಚನೆ ಮಾಡುವುದೇನಿತ್ತು? ಅವಳಿಗೆ ಅಳು ಉಕ್ಕಿಬಂತು, ಅದರ ಜೊತೆಗೇ ರೇಗಿಹೋಯಿತು. ಸುಳ್ಳು ಓದಿದರೆ ಮೀಟಿಂಗಿನಲ್ಲಿ ಮೆರವಣಿಗೆ, ನಿಜ ಹೇಳಿದರೆ ಹೆಸರ ಮುಂದೆ ಕಪ್ಪುಚುಕ್ಕೆ. ಇಷ್ಟು ದಿನ ಅರ್ಥವಾಗಲಿಲ್ಲ ಎಂದು ಎಷ್ಟೊಂದು ಸಲ ಒತ್ತಿದ್ದಳು, ಒಂದು ದಿನವಾದರೂ ಇವರ ಕಣ್ಣಿಗೆ ಬಿದ್ದಳೇ? ಬೀದಿಯವರೆಲ್ಲ ಸೇರಿ ಎರಡು ದಿನ ಗುಂಡಿ ಒತ್ತಿದ ಮೇಲೆ ಮಾದರಿ ವಿದ್ಯಾರ್ಥಿನಿಯಾದಳು.

"ಬರ್ಕೊಳ್ಳಿ ಮೇಡಂ, ಏನ್ ಬೇಕಾದ್ರೂ ಬರ್ಕೊಳ್ಳಿ. ನನ್ನ ಅನುಪಾತದ ಪಾಠಕ್ಕೆ ಬಿಡಿ. ಇನ್ನೊಂದು, ಇನ್ಮೇಲೆ ನಮ್ಮಪ್ಪಂಗೆ ಒಂದು ಮೆಸೇಜೂ ಬರಕೂಡ್ದು. ಓದ್ತಿರೋಳು ನಾನು. ಕೇಳೋದಿದ್ರೆ ನನ್ ಕೇಳಿ."

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಅಪ್ಪ, ಅಣ್ಣ ಇಬ್ಬರೂ ನಿಂತಿದ್ದರು.

"ಎಲ್ಲಾ ಹೇಳ್ಬುಟ್ಯಾ?" ಎಂದ ರಂಗೇಶ್. "ಸೀಟನ್ನ ಕೈಯಾರೆ ಕಳ್ಕೊಂಡ್ಯಲ್ಲೇ! ತಲೆ ನೆಟ್ಟಗಿದ್ಯಾ ನಿಂಗೆ?"

"ಮನೆ ಮರ್ಯಾದೆನೂ ತೆಗೆದ್ಬುಟ್ಟೆ," ಎಂದ ಗಂಗಹನುಮಯ್ಯ. "ಕದಿರಯ್ಯನ ಮುಖ ಹೆಂಗ್ ನೋಡ್ಲಿ? ಅವ್ನು ಎರಡು ದಿನ ಹೊಲ ಬಿಟ್ ಬಂದಿದ್ದ. ಮುಯ್ಯಿ ಕರ್ದಿದ್ದು ತಪ್ಪಾ ಮಗಾ? ನೀನೇ ಹೇಳು, ತಪ್ಪಾ?"

ಬಿಂದು ಆ ಮಾತಿಗೇ ಕಾಯುತ್ತಿದ್ದವಳಂತೆ ಎದ್ದು ನಿಂತಳು. ನಿನ್ನೆಯಿಂದ ಎದೆಯಲ್ಲಿ ಕುದಿಯುತ್ತಿದ್ದುದೆಲ್ಲ ಬಾಯಿಗೆ ಬಂತು.

"ಮುಯ್ಯಿ ಕರ್ದಿದ್ದು ತಪ್ಪಲ್ಲಪ್ಪಾ. ಯಾವ್ ಕೆಲ್ಸಕ್ಕೆ ಕರ್ದೆ? ನಾನು ಒಬ್ಳೇ ಒದ್ದಾಡ್ತಿದ್ದೆ ಅಂದ್ಯಲ್ಲಾ, ಯಾತ್ರಲ್ಲಿ ಒದ್ದಾಡ್ತಿದ್ದೆ? ಕಸ ಗುಡಿಸ್ಬೇಕು, ನೀರ್ ತುಂಬ್ಬೇಕು, ಹಾಲ್ ಕರೀಬೇಕು, ಸಗಣಿ ಬಾಚ್ಬೇಕು, ಮುದ್ದೆ ತೊಳಸ್ಬೇಕು, ಅಜ್ಜಿಗೆ ನೀರ್ ಹುಯ್ಬೇಕು. ಇಷ್ಟೂ ಮುಗಿದ್ಮೇಲೆ ಉಳ್ದಿದ್ದು ಓದು. ಇಷ್ಟ್ರಲ್ಲಿ ಒಂದಾದ್ರೂ ಮಾಡಿಕೊಡೋಕೆ ಮುಯ್ಯಾಳ್ ಬಂದ್ರಾ? ಒಂದ್ ಲೋಟ ತೊಳ್ದ್ರಾ? ಬೀದೀಲಿರೋರೆಲ್ಲಾ ಬಂದು ನನ್ ಓದೊಂದ್ಕೇ ಕೈ ಹಾಕಿದ್ರಿ. ಯಾಕೆ? ಕೂತ್ಕೊಂಡ್ ಮಾಡೋ ಕೆಲ್ಸ ಅದೊಂದೇ ಅಂತ!"

"ಲೇ, ಅಪ್ಪಂಗೆ ಎದುರು ಮಾತಾಡ್ತೀಯಾ?" ಎಂದು ರಂಗೇಶ್ ಮುಂದೆ ಬಂದ.

"ನೀನ್ ಬಾಯ್ಮುಚ್ಚು! ನಿನ್ ತಟ್ಟೆ ಎಲ್ಲಿಡ್ಬೇಕು ಅಂತಾದ್ರೂ ಗೊತ್ತಾ ನಿಂಗೆ? ತುಂಬಾ ಚೆನ್ನಾಗಿದೆಯಂತೆ, ತುಂಬಾ ಚೆನ್ನಾಗಿದೆ!"

ಒಳಗಿನಿಂದ ಅಜ್ಜಿ, "ನಾನ್ ಒತ್ತಿದ್ದು ತಪ್ಪಾಯ್ತೇನೋ ಕಣ್ಲಾ ರಂಗಾ," ಎಂದು ಸಣ್ಣ ದನಿಯಲ್ಲಿ ಕೇಳಿದಳು. ಅಜ್ಜಿಯ ಮೇಲೆ ಮಾತ್ರ ಬಿಂದುಗೆ ಪೂರ್ತಿ ಸಿಟ್ಟು ಮಾಡಲಾಗಲಿಲ್ಲ, ಅದಕ್ಕೂ ತನ್ನ ಮೇಲೇ ಸಿಟ್ಟು ಬಂತು.

"ಮುಯ್ಯಿ ಕೊಡೋದೇ ಆದ್ರೆ ನಾಳೆಯಿಂದ ಕೊಡಿ," ಎಂದಳು. "ಬೆಳಿಗ್ಗೆ ಹೊತ್ತು ನಾನು ಓದ್ತೀನಿ. ಆ ಹೊತ್ತಿನ ಕೆಲ್ಸ ನಿಮ್ದು. ನನ್ ಓದಿನ ಸಾಲಿಗೆ ಯಾರೂ ಕಾಲಿಡ್ಬ್ಯಾಡಿ."

ಹೆಣ್ಣುಮಕ್ಕಳ ಸಿಟ್ಟು ಒಂದು ರಾತ್ರಿಗೆ ಇಳಿಯುತ್ತದೆ ಎಂದುಕೊಂಡರೋ ಏನೋ, ಗಂಡಸರಿಬ್ಬರೂ ಉಂಡು ಮಲಗಿದರು. ಬೆಳಗಾಯಿತು. ಬಿಂದು ಎದ್ದು ಮುಖ ತೊಳೆದು, ಟ್ಯಾಬ್ ತೆಗೆದುಕೊಂಡು ಬಂದು ಜಗಲಿಯ ಮೇಲೆ ಕೂತಳು. ಬೀದಿಯವರು ಒತ್ತಿದ್ದ ಹಸಿರು ಗುರುತುಗಳೆಲ್ಲ ಮಾಯವಾಗಿದ್ದವು. ಅರ್ಧಕ್ಕೆ ನಿಂತಿದ್ದ ಅವಳ ಪಾಠ ಅಲ್ಲೇ ಇತ್ತು. ಅವಳು ಅದನ್ನು ಶುರುವಿನಿಂದ ಹಾಕಿಕೊಂಡಳು.

ಕೊಟ್ಟಿಗೆಯಲ್ಲಿ ಕೆಂಪು ಹಸು ಕೂಗಿತು. ದಿನವೂ ಆ ಹೊತ್ತಿಗೆ ಬಿಂದು ಬಕೆಟ್ ಹಿಡಿದು ಹೋಗುತ್ತಿದ್ದಳು. ಹಸು ಇನ್ನೊಮ್ಮೆ ಕೂಗಿತು, ಆಮೇಲೆ ಬಿಡದೆ ಕೂಗಿತು. ಕೆಚ್ಚಲು ಬಿಗಿದು ನೋಯುತ್ತಿರುತ್ತದೆ ಎಂದು ಅವಳಿಗೆ ಗೊತ್ತು. ಮಾತು ಬಾರದ ಪ್ರಾಣಿ, ಅದೇನು ಮಾಡಿತ್ತು? ಎರಡು ಸಲ ಎದ್ದೇಬಿಡುವವಳಿದ್ದಳು. ಹಲ್ಲು ಕಚ್ಚಿ ಕೂತಳು. ಇವತ್ತು ಎದ್ದರೆ ಜನ್ಮಪೂರ್ತಿ ಏಳಬೇಕಾಗುತ್ತದೆ.

ಒಳಗೆ ಪಾತ್ರೆಗಳ ಸದ್ದಾಯಿತು. ರಂಗೇಶ್ ಅಜ್ಜಿಗೆ ಸ್ನಾನದ ನೀರು ಕಾಯಿಸಲು ಹೋಗಿ ಒಲೆಗೆ ಶಾಪ ಹಾಕುತ್ತಿದ್ದ. ಕೊನೆಗೆ ಗಂಗಹನುಮಯ್ಯ ಬಕೆಟ್ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಕೊಟ್ಟಿಗೆಗೆ ನಡೆದ. ನೇಗಿಲು ಹಿಡಿದ ಕೈ, ಮೂಟೆ ಹೊತ್ತ ಬೆನ್ನು. ಆದರೆ ಹಾಲು ಕರೆಯುವುದು ಹೆಂಡತಿಯ ಕೆಲಸ, ಅವಳು ಹೋದ ಮೇಲೆ ಮಗಳ ಕೆಲಸ. ಮಗಳು ಊರಲ್ಲಿಲ್ಲದ ದಿನ ಹಾಲೆಲ್ಲ ಕರುವಿಗೇ. ಅವನ ಕೈಯನ್ನು ಆ ಹಸು ಕಂಡೇ ಇರಲಿಲ್ಲ.

ಧಡ್ ಎಂದು ಸದ್ದಾಯಿತು, ಬಕೆಟ್ ಉರುಳಿತು. "ಥೂ, ನಿನ್ ಮನೆ ಹಾಳಾಗ!" ಎಂದು ಗಂಗಹನುಮಯ್ಯ ಹಸುವಿಗೆ ಬೈದದ್ದು ಬೀದಿಗೆಲ್ಲ ಕೇಳಿತು. ಕದಿರಯ್ಯ ತನ್ನ ಬಾಗಿಲಿಗೆ ಬಂದು ನಿಂತು ನೋಡಿದ.

ಸ್ವಲ್ಪ ಹೊತ್ತಿಗೆ ಗಂಗಹನುಮಯ್ಯ ಕುಂಟುತ್ತ ಈಚೆ ಬಂದ. ಪಂಚೆಗೆಲ್ಲ ಸಗಣಿ. ಬಕೆಟಿನಲ್ಲಿ ಒಂದು ಗುಟುಕು ಹಾಲೂ ಇರಲಿಲ್ಲ. ಮಗಳ ಮುಂದೆ ನಿಂತು ಮೆಲ್ಲಗೆ ಕೇಳಿದ.

"ಒದೀತದೆ ಕಣವ್ವಾ. ಎಷ್ಟ್ ಹಿಂಡಿದ್ರೂ ಹಾಲ್ ಇಳಿಸ್ತಿಲ್ಲ. ಡೈರಿ ಟೈಮಾಗ್ತದೆ. ಇದೊಂದ್ಸಲ ನೀನೇ ಬಂದು ಕರ್ದ್ಬುಡು ಬಾ. ನಿಂಗದು ಒಂದ್ ಗಳಿಗೆ ಕೆಲ್ಸ."

ಬಿಂದು ಟ್ಯಾಬನ್ನು ತೊಡೆಯ ಮೇಲಿಟ್ಟು ಅಪ್ಪನನ್ನು ನೋಡಿದಳು.

"ನಾನ್ ಬಂದ್ರೆ ಬಕೆಟ್ ತುಂಬ್ತದೆ ಕಣಪ್ಪಾ. ನಿನ್ ಕೈಗೆ ಏನ್ ಬರ್ತದೆ?"

ಗಂಗಹನುಮಯ್ಯ ಖಾಲಿ ಬಕೆಟ್ ಕೆಳಗಿಟ್ಟ. ಪಕ್ಕದ ಬಾಗಿಲಲ್ಲಿ ಕದಿರಯ್ಯ ಕಣ್ಣು ಬೇರೆ ಕಡೆ ತಿರುಗಿಸಿದ.

"ಮೊದ್ಲು ಕರ ಬಿಡು," ಎಂದಳು ಬಿಂದು, ಸಿಟ್ಟು ಇನ್ನೂ ಇಳಿಯದ ದನಿಯಲ್ಲೇ. "ಅದು ಒಂದೀಟು ಕುಡೀಲಿ. ಆಮೇಲೆ ಬಿಸಿನೀರಲ್ಲಿ ಕೆಚ್ಚಲು ತೊಳಿ. ಎಳೀಬ್ಯಾಡ, ಮೇಲಿಂದ ಒತ್ಕೊಂಡ್ ಬಾ. ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅನ್ನು, ಇನ್ನೊಂದ್ಸಲ ಹೇಳ್ತೀನಿ. ಎದ್ದು ಮಾತ್ರ ಬರಲ್ಲ."

ಗಂಗಹನುಮಯ್ಯ ತನ್ನ ಅಂಗೈ ನೋಡಿಕೊಂಡ. ಬಕೆಟ್ ಎತ್ತಿಕೊಂಡು ಮತ್ತೆ ಕೊಟ್ಟಿಗೆಗೆ ಹೋದ. ಅವತ್ತು ಅವರ ಮನೆಯ ಹಾಲು ಡೈರಿಗೆ ಹೋಗಲಿಲ್ಲ.